ಪ್ರತಿ ಕಲೆಗೂ ಒಂದು ಕಾರಣ

ಡಿಸೆಂಬರ್ ಮೊದಲ ವಾರ. ಚನ್ನಗಿರಿ ತಾಲ್ಲೂಕಿನ ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಕೊಯ್ಲು. ಗದ್ದೆಯ ನೀರು ಬಸಿದು ಬಹಳ ದಿನವಾದರೂ ತಗ್ಗಿನ ಮಡಿಗಳಲ್ಲಿ ಹಸಿ ಆರಿಲ್ಲ. ಟೈರಿನ ಹಾರ್ವೆಸ್ಟರ್ ಇಂಥ ಕಡೆ ಇಳಿಯುವುದಿಲ್ಲ, ಇಳಿದರೆ ಹೂತು ಕೂರುತ್ತದೆ. ಅದಕ್ಕೆಂದೇ ಚೈನ್ ಮಷಿನ್ ತರಿಸಿದ್ದಾರೆ. ಲಾರಿಯಿಂದ ಹಲಗೆಯ ಮೇಲೆ ಮೆಲ್ಲಗೆ ಇಳಿದು, ಬದುವನ್ನು ಹತ್ತಿ, ಮೂತಿ ಎತ್ತಿ, ಆಚೆ ಬದಿಗೆ ಧಡಕ್ಕನೆ ಬಾಗಿ ಅದು ಗದ್ದೆಗಿಳಿಯುವ ರೀತಿಯನ್ನು ಒಮ್ಮೆ ನೋಡಬೇಕು. ಅಗಲವಾದ ರಬ್ಬರ್ ಪಟ್ಟಿ, ಅದನ್ನು ಎಳೆಯುವ ಹಲ್ಲಿನ ಚಕ್ರ, ನೆಲವನ್ನು ತುಳಿಯುವ ಸಾಲು ಗಾಲಿಗಳು, ಪಟ್ಟಿ ಜೋಲದಂತೆ ಮೇಲೆ ಹೊರುವ ಸಣ್ಣ ಗಾಲಿ. ಯುದ್ಧದ ಟ್ಯಾಂಕಿನ ಕಾಲೂ ಹೀಗೇ ಇರುತ್ತದೆ. ಭಾರವನ್ನು ಒಂದೇ ಕಡೆ ಊರದೆ ಉದ್ದಕ್ಕೂ ಹಂಚಿ ಕೆಸರಿನ ಮೇಲೆ ಸಾಗುವ ಉಪಾಯ ಎರಡಕ್ಕೂ ಒಂದೇ.

ಮಷಿನ್ ಊಟದ ಹೊತ್ತಿಗೆ ನಿಂತಾಗ ಪಕ್ಕಕ್ಕೆ ಹೋಗಿ ನೋಡಿದರೆ ಕೆಸರು ಒಂದೇ ಬಣ್ಣದ್ದಲ್ಲ ಎಂಬುದು ಗೊತ್ತಾಗುತ್ತದೆ. ಪಟ್ಟಿಯ ತಳಕ್ಕೆ ಈಗಷ್ಟೇ ಹತ್ತಿದ್ದು ಕಪ್ಪಗಿದೆ, ನೀರಿನ ಹೊಳಪಿದೆ. ಗಾಲಿಗಳ ಸಂದಿಯಲ್ಲಿ ಬೆಳಿಗ್ಗೆ ಹತ್ತಿದ್ದು ಅಂಚಿನಲ್ಲಿ ಆರಿ ಬೂದಿಗೆ ತಿರುಗಿದೆ, ನಡುವೆ ಮಾತ್ರ ಹಸಿ ಉಳಿದಿದೆ. ಅದಕ್ಕೂ ಮೇಲೆ ನಿನ್ನೆಯ ಕೆಸರು ಬಿಳಿಚಿ, ಬಿರುಕು ಬಿಟ್ಟು, ಅಲ್ಲಲ್ಲಿ ಹಕ್ಕಳೆ ಕಳಚಿ ಒಳಗಿನ ಪೇಂಟು ಕಾಣುತ್ತಿದೆ. ಇನ್ನೂ ಮೇಲೆ, ಡ್ರೈವರ್ ಕೂರುವ ಕಡೆ, ಕೆಸರೇ ಇಲ್ಲ. ಅಲ್ಲಿರುವುದು ಭತ್ತದ ಹೊಟ್ಟಿನ ಹಳದಿ ಧೂಳು. ಅವನು ಹತ್ತಿ ಇಳಿಯುವ ಮೆಟ್ಟಿಲಿನ ಅಂಚಿನಲ್ಲಿ ಧೂಳೂ ಇಲ್ಲ, ಪೇಂಟೂ ಇಲ್ಲ, ಚಪ್ಪಲಿ ಉಜ್ಜಿ ಉಜ್ಜಿ ಕಬ್ಬಿಣ ಬೆಳ್ಳಗೆ ಮಿನುಗುತ್ತಿದೆ. ಡೀಸೆಲ್ ಹಾಕುವ ಬಾಯಿಯಿಂದ ಕೆಳಕ್ಕೆ ಜಿಡ್ಡಿನ ಜಾಡು ಇಳಿದಿದೆ, ಆ ಜಾಡಿಗಷ್ಟೇ ಹೊಟ್ಟು ದಟ್ಟವಾಗಿ ಅಂಟಿದೆ.

ಯಾರೂ ಅಲಂಕಾರಕ್ಕೆಂದು ಇದನ್ನು ಬಳಿದಿಲ್ಲ. ಪ್ರತಿ ಕಲೆಗೂ ಒಂದು ಕಾರಣವಿದೆ, ಪ್ರತಿ ಕಾರಣಕ್ಕೂ ಒಂದು ಹೊತ್ತಿದೆ. ಯುದ್ಧವಾಹನಗಳ ಪುಟ್ಟ ಮಾದರಿ ಕಟ್ಟುವವರು ವೆದರಿಂಗ್ ಎಂದು ಕರೆಯುವ ಕೆಲಸದ ತಿರುಳು ಇಷ್ಟೇ. ಹೊಸದಾಗಿ ಕಟ್ಟಿ ಬಣ್ಣ ಬಳಿದ ಟ್ಯಾಂಕಿಗೆ ಮಳೆ, ಬಿಸಿಲು, ಧೂಳು, ಜಿಡ್ಡು, ಮನುಷ್ಯರ ಕಾಲು ಇವೆಲ್ಲ ಸೇರಿ ಕೊಡುವ ವಯಸ್ಸನ್ನು ಮೇಜಿನ ಮೇಲೆ, ಕುಂಚದ ತುದಿಯಲ್ಲಿ ಕೊಡಬೇಕು. ಅದಕ್ಕೆ ಬೇಕಾದ ಶಾಲೆ ಯುರೋಪಿನ ರಣರಂಗದ ಪಟಗಳಲ್ಲಿ ಮಾತ್ರ ಇದೆ ಎಂದು ತಿಳಿಯಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರಸ್ತೆ, ಗದ್ದೆ, ಗ್ಯಾರೇಜುಗಳಲ್ಲಿ ಅದು ಹಗಲೆಲ್ಲ ತೆರೆದೇ ಇರುತ್ತದೆ.

ಮೊದಲು ಮೇಜಿನ ಮೇಲಿನ ಕಿಟ್ಟಿನ ಪೆಟ್ಟಿಗೆಯ ಮಾತು. ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1/35. ಅಂದರೆ ನಿಜವಾದ ವಾಹನದ ಮೂವತ್ತೈದರಲ್ಲಿ ಒಂದು ಪಾಲು. ಟಿ-55 ಟ್ಯಾಂಕಿನ ಒಡಲು ಸುಮಾರು 6.45 ಮೀಟರ್ ಉದ್ದ. ಮಾದರಿಯಲ್ಲಿ ಅದು 18 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. 168 ಸೆಂಟಿಮೀಟರ್ ಎತ್ತರದ ಸೈನಿಕ 4.8 ಸೆಂಟಿಮೀಟರಿನವನಾಗುತ್ತಾನೆ. 35 ಎಂಬ ಈ ವಿಚಿತ್ರ ಸಂಖ್ಯೆ ಬಂದದ್ದು ಯಾವ ಗಣಿತದಿಂದಲೂ ಅಲ್ಲ. ಜಪಾನಿನ ಶಿಜುಓಕಾದಲ್ಲಿ ಮರದ ವ್ಯಾಪಾರದಿಂದ ಶುರುವಾದ ಟಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ತಂದಿತು. ಅದು ಓಡಬೇಕಿತ್ತು. ಒಳಗೆ ಮೋಟಾರು, ಬ್ಯಾಟರಿಗಳು ಕೂರುವಷ್ಟು ಜಾಗ ಬಿಟ್ಟು ಒಡಲನ್ನು ಅಳೆದಾಗ ಸಿಕ್ಕ ಅಳತೆ 1/35. ಮುಂದೆ ಮೋಟಾರು ಹೋಯಿತು, ಅಳತೆ ಉಳಿಯಿತು, ಜಗತ್ತಿನ ಬೇರೆ ಕಂಪನಿಗಳೂ ಅದನ್ನೇ ಹಿಡಿದವು.

ಪೆಟ್ಟಿಗೆ ತೆರೆದರೆ ಚೌಕಟ್ಟಿಗೆ ಅಂಟಿದ ನೂರಾರು ಪ್ಲಾಸ್ಟಿಕ್ ತುಂಡುಗಳು. ಒಂದೊಂದನ್ನೂ ಕತ್ತರಿಸಿ, ಕತ್ತರಿಸಿದ ಕಡೆಯ ಗಂಟನ್ನು ಮರಳುಕಾಗದದಿಂದ ತೀಡಿ, ಅಂಟು ಮುಟ್ಟಿಸಬೇಕು. ಈ ಅಂಟು ಫೆವಿಕಾಲಿನ ಜಾತಿಯದಲ್ಲ. ಇದು ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಎರಡು ತುಂಡುಗಳನ್ನು ಬೆಸೆಯುತ್ತದೆ. ಹನಿ ಹೆಚ್ಚಾದರೆ ಮೇಲ್ಮೈ ಸುಟ್ಟ ಹಾಗಾಗುತ್ತದೆ, ವಾಸನೆ ತಲೆಗೇರುತ್ತದೆ, ಆದ್ದರಿಂದ ಕಿಟಕಿ ತೆರೆದಿರಬೇಕು. ಸಾಲು ಗಾಲಿಗಳನ್ನು ಜೋಡಿಸುವಾಗ ಒಂದು ಗಾಲಿ ಅರ್ಧ ಮಿಲಿಮೀಟರ್ ಮೇಲೆದ್ದರೂ ಟ್ಯಾಂಕು ನೆಲದ ಮೇಲೆ ನಿಂತಂತೆ ಕಾಣುವುದಿಲ್ಲ, ಭಾರವೇ ಇಲ್ಲದೆ ತೇಲಿದಂತೆ ಕಾಣುತ್ತದೆ. ನಲವತ್ತು ಟನ್ನಿನ ಯಂತ್ರ ಎಂಬ ನಂಬಿಕೆ ಮುರಿದುಬೀಳುವುದು ಇಂಥ ಅರ್ಧ ಮಿಲಿಮೀಟರಿನಲ್ಲಿಯೇ. ಚೈನಿನ ಮೇಲ್ಭಾಗ ಗಾಲಿಗಳ ನಡುವೆ ಸ್ವಲ್ಪ ಜೋಲಬೇಕು. ಆ ಜೋಲನ್ನು ಕಣ್ಣಿನಲ್ಲಿ ಹಿಡಿಯಬೇಕೆಂದರೆ ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವ ಹಿಟಾಚಿಯನ್ನು ನೋಡಬೇಕು. ಅದರ ಚೈನು ಉಕ್ಕಿನದು. ನೆಲಕ್ಕೆ ಉಜ್ಜುವ ಪಟ್ಟಿಗಳ ತುದಿ ಬೆಳ್ಳಿಯ ಹೊಳಪಿನಲ್ಲಿರುತ್ತದೆ, ಕೊಂಡಿಗಳ ಕುಳಿಯಲ್ಲಿ ಮಾತ್ರ ಮಣ್ಣೂ ತುಕ್ಕೂ ಕೂಡಿರುತ್ತವೆ. ಮಾದರಿಯಲ್ಲಿ ಈ ಹೊಳಪು ತರಲು ಬೆಳ್ಳಿಯ ಪೇಂಟು ಬೇಡ. ಮೆತ್ತನೆಯ ಪೆನ್ಸಿಲಿನ ಸೀಸವನ್ನು ಬೆರಳಿಗೆ ಹಚ್ಚಿ ಚೈನಿನ ಏಣುಗಳಿಗೆ ಉಜ್ಜಿದರೆ ಸಾಕು, ಸವೆದ ಉಕ್ಕು ಎದ್ದು ಬರುತ್ತದೆ.

ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆ ದಾಟುವಾಗ ನದಿ ಎಷ್ಟು ಅಗಲ ಎಂದು ನೋಡುವವರೇ ಹೆಚ್ಚು. ಮಾದರಿ ಕಟ್ಟುವವರ ಕಣ್ಣು ಮಾತ್ರ ಎದುರಿಗೆ ಬರುವ ಟ್ರೇಲರುಗಳ ಮೇಲೆ. ಹಸಿ ಮರಳು ಹೊತ್ತು ಹೊತ್ತು ಹಳತಾದ ಟ್ರೇಲರಿನ ಒಳಮೈಯಲ್ಲಿ ಪೇಂಟಿನ ಗುರುತೇ ಇರುವುದಿಲ್ಲ. ಮರಳು ಅದನ್ನು ಉಜ್ಜಿ ತೆಗೆದಿರುತ್ತದೆ. ದಿನ ಬಿಟ್ಟು ದಿನ ಉಜ್ಜಿಸಿಕೊಳ್ಳುವ ತಳ ಬೆಳ್ಳಗಿದ್ದರೆ, ಮರಳು ಮುಟ್ಟದ ಮೂಲೆಗಳಲ್ಲಿ ತುಕ್ಕು ದಪ್ಪಗೆ ಪದರುಗಟ್ಟಿರುತ್ತದೆ. ಹೊರಗೆ, ವೆಲ್ಡಿಂಗಿನ ಗೆರೆಯಲ್ಲಿ, ಮಡಿಸಿದ ತಗಡಿನ ಅಂಚಿನಲ್ಲಿ, ಬೋಲ್ಟಿನ ಸುತ್ತ ಅದು ಮೊದಲು ಕಾಣಿಸುತ್ತದೆ. ನಿನ್ನೆ ಮೊನ್ನೆಯ ತುಕ್ಕು ಕಿತ್ತಳೆ, ವರ್ಷಗಳದ್ದು ಕಡುಗಂದು. ಮಳೆ ಬಂದಾಗಲೆಲ್ಲ ಅಲ್ಲಿಂದ ಒಂದು ಎಳೆ ಕೆಳಕ್ಕೆ ಇಳಿಯುತ್ತದೆ, ಹುಟ್ಟಿದ ಕಡೆ ಗಾಢವಾಗಿ, ಕೆಳಗೆ ಹೋದಂತೆ ತೆಳುವಾಗಿ.

ಹಳೆಯ ಟ್ರೇಲರಿಗೆ ಹೊಸ ಬಣ್ಣ ಹೊಡೆಯುವ ಗ್ಯಾರೇಜಿನವರಿಗೆ ಇದೆಲ್ಲ ಬೆರಳ ತುದಿಯಲ್ಲಿದೆ. ಕೆರೆದು, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಅದರ ಮೇಲೆ ಬಣ್ಣ. ತುಕ್ಕನ್ನು ಪೂರ್ತಿ ಕೆರೆಯದೆ ಬಣ್ಣ ಹೊಡೆದರೆ ಒಂದೇ ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದು ಕಿತ್ತು ಬರುತ್ತದೆ ಎಂದು ಅವರು ಎಚ್ಚರಿಸುತ್ತಾರೆ. ಮಾದರಿಯಲ್ಲಿ ನಮಗೆ ಬೇಕಾದದ್ದು ಹೀಗೆ ಕಿತ್ತು ಬಂದ ಬಣ್ಣವೇ. ಅದಕ್ಕೆ ಸೊಗಸಾದ ಒಂದು ಉಪಾಯವಿದೆ. ಮೊದಲು ತುಕ್ಕಿನ ಬಣ್ಣ ಬಳಿಯಬೇಕು. ಅದು ಒಣಗಿದ ಮೇಲೆ, ಹೆಂಗಸರು ತಲೆಗೂದಲು ಕೂರಿಸಲು ಬಳಸುವ ಹೇರ್‌ಸ್ಪ್ರೇಯನ್ನು ತೆಳ್ಳಗೆ ಹೊಡೆಯಬೇಕು. ಅದರ ಮೇಲೆ ಸೇನೆಯ ಹಸಿರು. ಹಸಿರು ಆರಿದ ಮೇಲೆ ನೀರಿನಲ್ಲಿ ಅದ್ದಿದ ಕುಂಚದಿಂದ ತಟ್ಟಿ ತಟ್ಟಿ ಉಜ್ಜಿದರೆ ಒಳಗಿನ ಸ್ಪ್ರೇ ನೀರಿಗೆ ಕರಗುತ್ತದೆ, ಮೇಲಿನ ಹಸಿರು ಚಕ್ಕೆ ಚಕ್ಕೆಯಾಗಿ ಬಿಡುತ್ತದೆ, ಒಳಗಿನ ತುಕ್ಕು ಹೊರಗೆ ಕಾಣುತ್ತದೆ. ತುಕ್ಕು ನಿಜವಾಗಿ ಇರುವುದೂ ಪೇಂಟಿನ ಅಡಿಯಲ್ಲೇ ತಾನೆ. ಮೇಲಿನಿಂದ ಚುಕ್ಕೆ ಇಟ್ಟು ಬರೆದ ತುಕ್ಕಿಗಿಂತ ಹೀಗೆ ಒಳಗಿಂದ ಬಂದ ತುಕ್ಕು ನಂಬಿಸುವುದು ಇದಕ್ಕಾಗಿ.

ಆದರೆ ಹೊನ್ನಾಳಿಯ ಟ್ರೇಲರನ್ನು ಕಂಡ ಉತ್ಸಾಹದಲ್ಲಿ ಟ್ಯಾಂಕಿಗೂ ಅಷ್ಟೇ ತುಕ್ಕು ಬಳಿದರೆ ಅದು ತಪ್ಪು, ಮತ್ತು ಈ ಹವ್ಯಾಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಸೇವೆಯಲ್ಲಿರುವ ಟ್ಯಾಂಕನ್ನು ಅದರ ಸಿಬ್ಬಂದಿ ದಿನವೂ ನೋಡಿಕೊಳ್ಳುತ್ತಾರೆ. ಅದರ ಮೇಲೆ ಧೂಳು ಹೆಚ್ಚು, ಜಿಡ್ಡು ಹೆಚ್ಚು, ತುಕ್ಕು ಕಡಿಮೆ. ಸೈಲೆನ್ಸರ್ ಮಾತ್ರ ಸದಾ ತುಕ್ಕು ಹಿಡಿದಿರುತ್ತದೆ, ಕಾವಿಗೆ ಅಲ್ಲಿ ಯಾವ ಪೇಂಟೂ ನಿಲ್ಲುವುದಿಲ್ಲ. ಸೈನಿಕರನ್ನು ಸಾಗಿಸುವ ಎಂ-113ರಂಥ ವಾಹನದ ಒಡಲು ಅಲ್ಯುಮಿನಿಯಮಿನದು, ಅದಕ್ಕೆ ಕೆಂಪು ತುಕ್ಕು ಬಳಿಯುವುದೇ ಸಲ್ಲದು. ಚಕ್ಕೆ ಎದ್ದ ಪೇಂಟಿನ ಅಳತೆಯೂ ಲೆಕ್ಕಕ್ಕೆ ಬರಬೇಕು. ಮಾದರಿಯ ಮೇಲೆ ಒಂದು ಮಿಲಿಮೀಟರಿನ ಚಕ್ಕೆ ಎಂದರೆ ನಿಜವಾದ ಟ್ಯಾಂಕಿನ ಮೇಲೆ ಮೂರೂವರೆ ಸೆಂಟಿಮೀಟರಿನ ಗಾಯ. ಅಷ್ಟು ದೊಡ್ಡ ಗಾಯ ಎಲ್ಲಿ ಬೇಕೆಂದರಲ್ಲಿ ಆಗುವುದಿಲ್ಲ. ಸೈನಿಕರು ಬೂಟು ಊರುವ ಕಡೆ, ಮುಚ್ಚಳದ ಅಂಚಿನಲ್ಲಿ, ಸಲಕರಣೆ ಎಳೆದಿಡುವ ಪೆಟ್ಟಿಗೆಯ ಬಾಯಲ್ಲಿ ಆಗುತ್ತದೆ.

ಈ ಕಲೆಗೆ ದಾರಿ ಹಾಕಿಕೊಟ್ಟ ಕೆಲವರನ್ನು ಇಲ್ಲಿ ನೆನೆಯಬೇಕು. ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್, ತೆಳು ಬಣ್ಣವನ್ನು ಸಂದಿಗಳಿಗೆ ಹರಿಸಿ, ಒಣ ಕುಂಚವನ್ನು ಏಣುಗಳಿಗೆ ತಾಗಿಸಿ ಮಾದರಿಗೆ ನೆರಳು ಬೆಳಕು ತರುವ ಕ್ರಮವನ್ನು ಜನಪ್ರಿಯಗೊಳಿಸಿದರು. ಅಮೆರಿಕದ ಶೆಪರ್ಡ್ ಪೇನ್ ಮಾದರಿಯನ್ನು ಒಂಟಿಯಾಗಿ ನಿಲ್ಲಿಸದೆ ನೆಲ, ಗೋಡೆ, ಮನುಷ್ಯರ ನಡುವೆ ಇಟ್ಟು ಕಥೆ ಹೇಳಿಸಿದರು. ಸ್ಪೇನಿನ ಮಿಗ್ ಹಿಮೆನೆಸ್ ಅವರಿಂದ ಬಣ್ಣದ ಪುಡಿಗಳ ಬಳಕೆ ಮನೆಮಾತಾಯಿತು. ಅಂಗಡಿಯಲ್ಲಿ ಪುಟ್ಟ ಡಬ್ಬಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ಆ ಮಣ್ಣಿನ ಬಣ್ಣದ ಪುಡಿಗಳಲ್ಲಿ ಮುಖ್ಯವಾಗಿ ಇರುವುದು ಕಬ್ಬಿಣದ ಆಕ್ಸೈಡು. ನಮ್ಮ ಅಜ್ಜಿಯರು ಹೊಸ್ತಿಲಿಗೆ, ಒಲೆಯ ಸುತ್ತ ಬಳಿದ ಕೆಮ್ಮಣ್ಣಿನಲ್ಲಿ ಇರುವುದೂ ಅದೇ.

ಜಗಳೂರಿಗೆ ಹೋಗಬೇಕಾದದ್ದು ಈ ಮಣ್ಣಿಗಾಗಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚಿತ್ರದುರ್ಗಕ್ಕೆ ಸೇರಿದ್ದ ತಾಲ್ಲೂಕು ಇದು. ಮಳೆ ಕಡಿಮೆ, ಗಾಳಿ ಹೆಚ್ಚು, ಗುಡ್ಡಗಳ ಮೇಲೆ ಕುರುಚಲು. ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿಗಳಿವೆ, 2011ರಲ್ಲಿ ಅವುಗಳಿಗಾಗಿಯೇ ಆ ಕಾಡನ್ನು ವನ್ಯಧಾಮ ಮಾಡಿದರು. ಚನ್ನಗಿರಿಯ ಅಡಿಕೆ ತೋಟದ ನೆರಳಿನಿಂದ ಬಂದವರಿಗೆ ಇಲ್ಲಿಯ ಬೆಳಕೇ ಬೇರೆ. ಮಸಾರಿ ನೆಲದ ಧೂಳು ಬೇಸಿಗೆಯಲ್ಲಿ ರಸ್ತೆ ಪಕ್ಕದ ಜಾಲಿಯ ಎಲೆಗಳನ್ನೂ ನಿಂತ ಗಾಡಿಗಳನ್ನೂ ಒಂದೇ ಬಣ್ಣಕ್ಕೆ ತಂದುಬಿಡುತ್ತದೆ. ಕೈಯಲ್ಲಿ ಹಿಡಿದಾಗ ಕೆಂಪಾಗಿ ಕಂಡ ಮಣ್ಣು, ಬಾನೆಟ್ಟಿನ ಮೇಲೆ ತೆಳುವಾಗಿ ಕೂತಾಗ ಕೆಂಪಲ್ಲ, ಗುಲಾಬಿಯ ಛಾಯೆ ಇರುವ ಮಾಸಲು. ಹಸಿ ಮಣ್ಣಿನ ಬಣ್ಣ ಬೇರೆ, ಒಣ ಧೂಳಿನ ಬಣ್ಣ ಬೇರೆ. ಇದನ್ನು ಕಣ್ಣಾರೆ ಕಾಣದವರು ಟ್ಯಾಂಕಿಗೆ ಇಟ್ಟಿಗೆ ಬಣ್ಣ ಬಳಿದು ಧೂಳು ಎನ್ನುತ್ತಾರೆ.

ಬಸ್‌ಸ್ಟ್ಯಾಂಡಿನಾಚೆ ನಿಂತ ನೀರಿನ ಟ್ಯಾಂಕರೊಂದನ್ನು ಸುತ್ತು ಹಾಕಿ ನೋಡಿ. ಧೂಳು ಮೊದಲು ಕೂರುವುದು ಮಲಗಿದ ಜಾಗದಲ್ಲಿ: ಮಡ್‌ಗಾರ್ಡಿನ ಮೇಲೆ, ಟ್ಯಾಂಕರಿನ ನೆತ್ತಿಯಲ್ಲಿ. ನಿಂತ ಗೋಡೆಗೆ ಅದು ಹಿಟ್ಟಿನ ಗಿರಣಿಯ ಕಿಟಕಿ ಸರಳಿಗೆ ಹಿಟ್ಟು ಹಿಡಿದಂತೆ ತೆಳ್ಳಗೆ ಹಿಡಿಯುತ್ತದೆ, ಏಣು ಇರುವ ಕಡೆ ಮಾತ್ರ ದಪ್ಪ. ನಲ್ಲಿ ಸೋರುವ ಕಡೆ ನೀರು ಧೂಳನ್ನು ತೊಳೆದು ಒಂದು ಶುದ್ಧ ಗೆರೆ ಎಳೆದಿರುತ್ತದೆ. ಆ ಗೆರೆಯ ಎರಡೂ ಅಂಚಿನಲ್ಲಿ ತೊಳೆದ ಧೂಳು ಒತ್ತರಿಸಿ ಕಡುವಾಗಿರುತ್ತದೆ. ನೀರು ತುಳುಕುವ ಬಾಯಿಯ ಸುತ್ತ ಇಂಥ ಗೆರೆಗಳು ಒಂದರ ಮೇಲೊಂದು, ಹಳತರ ಮೇಲೆ ಹೊಸದು. ಟ್ಯಾಂಕಿನ ಗೋಪುರದ ಬದಿಗೆ ಮಳೆಹನಿಯ ಜಾಡು ಬರೆಯುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪುಸ್ತಕವನ್ನು ನಾನು ಕಂಡಿಲ್ಲ.

ದಾರಿಬದಿಯಲ್ಲಿ ಕೂತು ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುವಾಗ ಕುರಿ ಕಾಯುವವರು ನಿಂತು ಕೇಳುತ್ತಾರೆ. “ಏನ್ ಸಾ, ಮಣ್ ಪರೀಕ್ಷೆಗಾ?” ಆಟದ ಟ್ಯಾಂಕಿಗೆ ಎಂದರೆ ನಂಬುವುದಿಲ್ಲ. ಫೋನಿನಲ್ಲಿ ಪಟ ತೋರಿಸಿದರೆ ಮಾತು ಬೇರೆಯಾಗುತ್ತದೆ. “ಹಂಗಾರೆ ಆ ಗುಡ್ಡದ್ ಬುಡುಕ್ಕೆ ಹೋಗ್ರಿ ಅಣ್ಣ, ಅಲ್ಲಿ ಇನ್ನೂ ನುಣ್ಣಗೈತಿ.” ತಮ್ಮ ನೆಲದ ಮಣ್ಣಿನ ಮೈಯನ್ನು ಬಲ್ಲವರ ಮಾತು ಅದು, ತಪ್ಪಾಗುವುದಿಲ್ಲ.

ಮನೆಗೆ ತಂದ ಮಣ್ಣನ್ನು ಹಾಗೆಯೇ ಬಳಸುವಂತಿಲ್ಲ. ಒಂದು ಮಿಲಿಮೀಟರಿನ ಮರಳಕಣ 1/35ರ ಲೋಕದಲ್ಲಿ ಮೂರೂವರೆ ಸೆಂಟಿಮೀಟರಿನ ಕಲ್ಲು. ಆದ್ದರಿಂದ ಕುಟ್ಟಿ, ಜರಡಿ ಹಿಡಿದು, ಕೊನೆಗೆ ಹಳೆಯ ಪಂಚೆಯ ತೆಳು ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಬೇಕು. ಬೇರು, ಹುಳು, ಬೂಸುಗಳ ಕಾಟ ತಪ್ಪಿಸಲು ರೊಟ್ಟಿ ಹಂಚಿನ ಮೇಲೆ ಹುರಿಯುವುದುಂಟು. ಅಲ್ಲೊಂದು ಎಚ್ಚರ ಬೇಕು: ಹಳದಿ ಛಾಯೆಯ ಮಣ್ಣು ಕಾವು ಹೆಚ್ಚಿದರೆ ಕೆಂಪಾಗುತ್ತದೆ, ಒಳಗಿನ ಕಬ್ಬಿಣದ ಆಕ್ಸೈಡು ನೀರು ಬಿಟ್ಟು ರೂಪ ಬದಲಿಸುತ್ತದೆ. ಹೀಗೆ ಒಂದೇ ಹಿಡಿ ಮಣ್ಣಿನಿಂದ ಹಂಚಿನ ಮೇಲೆ ಮೂರು ನಾಲ್ಕು ಛಾಯೆ ತೆಗೆಯಬಹುದು. ಎರೆ ಮಣ್ಣಿನ ಗುಣವೇ ಬೇರೆ. ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗಿ ಬಿರಿಯುವ ಜೇಡಿ ಅದು. ಫೆವಿಕಾಲು ಬೆರೆಸಿದ ನೀರಿನಲ್ಲಿ ಅದನ್ನು ಕಲಸಿ ಮಾದರಿಯ ನೆಲಹಲಗೆಗೆ ಬಳಿದು ಬಿಟ್ಟರೆ ತಾನಾಗಿ ಬಿರುಕು ಬಿಡುತ್ತದೆ, ಬರೆಯುವ ಕೆಲಸವೇ ಇಲ್ಲ.

ಬೇರೆ ಸಾಮಗ್ರಿಗಳೂ ಇಲ್ಲಿಯವೇ. ಸ್ಟೇಷನರಿ ಅಂಗಡಿಯ ಆಯಿಲ್ ಕಲರ್ ಟ್ಯೂಬನ್ನು ರಟ್ಟಿನ ಚೂರಿನ ಮೇಲೆ ಹಿಂಡಿ ಬಿಟ್ಟರೆ ರಟ್ಟು ಎಣ್ಣೆಯನ್ನು ಹೀರುತ್ತದೆ. ಉಳಿದ ಬಣ್ಣವನ್ನು ಟರ್ಪಂಟೈನಿನಲ್ಲಿ ತೆಳುಮಾಡಿ ರಿವೆಟ್ಟುಗಳ ಸುತ್ತ ಹರಿಸಿದರೆ ಹೊಳಪಿಲ್ಲದ ನೆರಳು ಸಿಗುತ್ತದೆ. ಪಾತ್ರೆ ತಿಕ್ಕುವ ಸ್ಪಾಂಜಿನ ಚೂರು ಪೇಂಟಿನ ಚಕ್ಕೆ ಮೂಡಿಸುತ್ತದೆ. ಮೆಕ್ಕೆಜೋಳದ ತೆನೆಯ ಕೂದಲು ಒಣಗಿದರೆ ಒಣಹುಲ್ಲು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಮರೆಬಲೆಯಾಗುತ್ತದೆ. ಅದಕ್ಕೆ ಬಣ್ಣ ಕೊಡುವುದು ಯಾವುದು ಎಂದು ಚನ್ನಗಿರಿ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅಡಿಕೆ ಬೇಯಿಸುವ ಮನೆಯಲ್ಲಿ ಹಂಡೆಯ ತಳಕ್ಕೆ ನಿಲ್ಲುವ ಚೊಗರು ಕೈಗೆ ಹತ್ತಿದರೆ ದಿನಗಟ್ಟಲೆ ಹೋಗುವುದಿಲ್ಲ. ಅದರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದ ಗಾಜ್ ಬಟ್ಟೆ, ಟಿಶ್ಯೂ ಕಾಗದದ ತಾಡಪಾಲು, ಎರಡಕ್ಕೂ ಬಿಸಿಲು ಮಳೆ ತಿಂದ ಕ್ಯಾನ್ವಾಸಿನ ಕಂದು ತಾನಾಗಿ ಬರುತ್ತದೆ. ಪ್ಲಾಸ್ಟಿಕ್ಕಿಗೆ ಚೊಗರು ಹಿಡಿಯುವುದಿಲ್ಲ, ಬಟ್ಟೆ ಕಾಗದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಇಷ್ಟೆಲ್ಲ ಕಲಿತು ಏನನ್ನು ಕಟ್ಟಬೇಕು? ಕಿಟ್ಟಿನ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಜರ್ಮನಿಯ, ರಷ್ಯದ, ಅಮೆರಿಕದ ಕಥೆಗಳನ್ನು ಹೇಳುತ್ತವೆ. ಅದೇ ಪೆಟ್ಟಿಗೆಯಿಂದ ನಮ್ಮ ಕಥೆಯನ್ನೂ ಕಟ್ಟಬಹುದು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್ ಎಂಬಲ್ಲಿ ನಡೆದದ್ದನ್ನು ನೋಡಿ. ನಮ್ಮ ಸೇನೆ ಹೊಲಗಳಿಗೆ ನೀರು ನುಗ್ಗಿಸಿತು. ಎತ್ತರದ ಕಬ್ಬಿನ ನಡುವೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕೆಸರಿನಲ್ಲಿ ಹೂತವು, ಮರೆಯಲ್ಲಿ ಕಾದಿದ್ದ ನಮ್ಮ ಸೆಂಚೂರಿಯನ್ ಟ್ಯಾಂಕುಗಳೂ ಜೀಪಿನ ಮೇಲಿನ ತೋಪುಗಳೂ ಅವುಗಳನ್ನು ಹೊಡೆದವು. ಅಂಥ ಒಂದು ಜೀಪಿನಲ್ಲಿದ್ದ ಅಬ್ದುಲ್ ಹಮೀದ್ ಅಲ್ಲೇ ಮಡಿದರು, ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ನೀರು ನಿಂತ ಕಬ್ಬಿನ ಗದ್ದೆಯಲ್ಲಿ ನಲವತ್ತೈದು ಟನ್ನಿನ ಯಂತ್ರ ಹೂತಾಗ ಕೆಸರು ಎಲ್ಲಿಯವರೆಗೆ ಏರುತ್ತದೆ, ಕಬ್ಬಿನ ಗರಿ ಗಾಲಿಗೆ ಹೇಗೆ ಸುತ್ತಿಕೊಳ್ಳುತ್ತದೆ, ಹೊರಬರಲು ತಿಣುಕಿದಾಗ ಚೈನು ಕೆಸರನ್ನು ಎತ್ತ ಚಿಮ್ಮುತ್ತದೆ? ಉತ್ತರ ಬೇಕಾದರೆ ನಾಲೆಯ ಕೊನೆಯ ಗದ್ದೆಗಳಲ್ಲಿ ಹೂತ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರ್ ಎಳೆಯುವುದನ್ನು ನೋಡಬೇಕು. ಪಂಜಾಬಿನ ಮೆಕ್ಕಲು ಮಣ್ಣಿನ ಬಣ್ಣ ಬೇರೆ, ಅದನ್ನು ಪಟ ನೋಡಿ ಹೊಂದಿಸಿಕೊಳ್ಳಬೇಕು. ಕೆಸರಿನ ನಡತೆ ಮಾತ್ರ ಎಲ್ಲ ಕಡೆಯೂ ಒಂದೇ.

ನನಗೆ ಇನ್ನೂ ಹತ್ತಿರವಾದದ್ದು ಜೋಜಿ ಲಾ. 1948ರ ನವೆಂಬರ್ 1. ಕಾಶ್ಮೀರದ ಮೊದಲ ಯುದ್ಧದಲ್ಲಿ ಪಾಕಿಸ್ತಾನದ ಕಡೆಯವರು ಹಿಡಿದು ಲಡಾಖಿನ ದಾರಿಯನ್ನು ತಡೆದಿದ್ದ ಆ ಕಣಿವೆ ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿದೆ. ಅಲ್ಲಿಗೆ ಟ್ಯಾಂಕು ಬರಬಹುದೆಂದು ಎದುರಾಳಿ ಎಣಿಸಿರಲೇ ಇಲ್ಲ. ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಅಲ್ಲಿಗೆ ಹತ್ತಿಸಿದರು. ಗುಟ್ಟು ಹೊರಬೀಳದಿರಲೆಂದು ಗೋಪುರಗಳನ್ನು ಬಿಚ್ಚಿ, ಒಡಲಿಗೆ ತಾಡಪಾಲು ಹೊದಿಸಿ ಸಾಗಿಸಿದ್ದರು. ಹೇಸರಗತ್ತೆಗಳ ಕಾಲುದಾರಿಯನ್ನು ಟ್ಯಾಂಕು ಸಾಗುವ ದಾರಿಯಾಗಿ ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಕೇಂದ್ರವಿರುವ ಅದೇ ದಳ. ಸ್ಟುವರ್ಟ್ ಕಿಟ್ಟು ಈಗಲೂ ಸಿಗುತ್ತದೆ, ಕಟ್ಟಿದರೆ ಅಂಗೈಗಿಂತ ಒಂಚೂರು ಹೆಚ್ಚು ಉದ್ದ. ಇಲ್ಲಿ ವೆದರಿಂಗ್ ಮಾಡುವವರು ಕಾರಣಗಳನ್ನು ಸಾಲಾಗಿ ಯೋಚಿಸಬೇಕು. ಬಿಚ್ಚಿ ಮತ್ತೆ ಕೂರಿಸಿದ ಗೋಪುರದ ಬುಡದಲ್ಲಿ ಸರಪಳಿ ಉಜ್ಜಿದ ಗೀರು ಇರಬೇಕಲ್ಲವೆ? ತಾಡಪಾಲಿನ ಅಡಿಯಲ್ಲಿದ್ದ ಮೇಲ್ಮೈಗೆ ರಸ್ತೆಯ ಧೂಳು ಕಡಿಮೆ, ಹೊರಗಿದ್ದ ಗಾಲಿಗಳಿಗೆ ಹೆಚ್ಚು. ಹೊಸದಾಗಿ ಒಡೆದ ಬಂಡೆಯ ಬೂದಿಪುಡಿ ಚೈನಿನ ಸಂದಿಯಲ್ಲಿ. ಎಂಜಿನ್ ಮುಚ್ಚಳದ ಕಾವಿಗೆ ಹಿಮ ಕರಗಿ ಇಳಿದ ನೀರಿನ ಜಾಡು. ಜಗಳೂರಿನ ಕೆಂಪು ಇಲ್ಲಿಗೆ ಒಂದು ಚಿಟಿಕೆಯೂ ಸಲ್ಲದು. ಜಗಳೂರಿನ ಟ್ಯಾಂಕರ್ ಕಲಿಸಿದ ಗೆರೆ ಸಲ್ಲುತ್ತದೆ.

ಮಡಿಕೇರಿಯಲ್ಲಿ ತಿಮ್ಮಯ್ಯನವರು ಬಾಳಿದ ಸನ್ನಿಸೈಡ್ ಮನೆ 2021ರಲ್ಲಿ ಮ್ಯೂಸಿಯಂ ಆಯಿತು. ಮಹಾರಾಷ್ಟ್ರದ ಅಹಿಲ್ಯಾನಗರದಲ್ಲಿ (ಹಿಂದಿನ ಅಹಮದ್‌ನಗರ) 1994ರಿಂದ ಟ್ಯಾಂಕುಗಳದ್ದೇ ಮ್ಯೂಸಿಯಂ ಇದೆ. ಅಳತೆ, ಆಕಾರ, ಬೋಲ್ಟುಗಳ ಜಾಗ ತಿಳಿಯಲು ಇವಕ್ಕೆ ಹೋಗಲೇಬೇಕು. ಬಣ್ಣಕ್ಕೆ ಮಾತ್ರ ಅವನ್ನು ನಂಬುವಂತಿಲ್ಲ: ಪ್ರದರ್ಶನಕ್ಕೆ ನಿಂತ ವಾಹನಕ್ಕೆ ಮೇಲಿಂದ ಮೇಲೆ ಹೊಳೆಯುವ ಎನಾಮಲ್ ಬಳಿದಿರುತ್ತಾರೆ, ಅದರ ರಣದ ವಯಸ್ಸೆಲ್ಲ ಆ ಪದರಗಳ ಅಡಿಗೆ ಹೋಗಿರುತ್ತದೆ.

ನಮ್ಮ ನೆಲದ ಶಾಲೆಯಲ್ಲಿ ಇನ್ನು ಉಳಿದದ್ದು ನ್ಯಾಮತಿ. ಅದು 2018ರಲ್ಲಿ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಅಲ್ಲಿಯ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಕ್ಷೇತ್ರ. ಬಂಜಾರರು ಹೇರೆತ್ತುಗಳ ಮೇಲೆ ದವಸ ಹೇರಿ ಮೊಗಲರ ದಂಡಿಗೂ ಮುಂದೆ ಬ್ರಿಟಿಷರ ದಂಡಿಗೂ ಒದಗಿಸಿದವರು. ಅವರ ಸಾಲು ನಿಂತರೆ ದಂಡು ಹಸಿಯಬೇಕಿತ್ತು. ಯುದ್ಧವಾಹನ ಎಂದಾಕ್ಷಣ ಟ್ಯಾಂಕನ್ನೇ ನೆನೆಯುವ ನಾವು ಈ ಮಾತನ್ನು ಮರೆಯಬಾರದು. ಜರ್ಮನಿಯ ಮಾನ್ ಕಂಪನಿಯ ಪರವಾನಗಿ ಪಡೆದು 1959ರಿಂದ ಜಬಲ್ಪುರದಲ್ಲಿ ಕಟ್ಟಿದ ಶಕ್ತಿಮಾನ್ ಲಾರಿ ಇಲ್ಲದಿದ್ದರೆ ಯಾವ ಟ್ಯಾಂಕಿಗೂ ಎಣ್ಣೆ ಬರುತ್ತಿರಲಿಲ್ಲ. ಇಂಥ ಲಾರಿಯನ್ನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೊದಲಿನಿಂದ ಕೈಯಲ್ಲೇ ಕಟ್ಟುವುದು ಟ್ಯಾಂಕಿಗಿಂತ ದೊಡ್ಡ ಕೆಲಸ, ಗೌರವದ ಕೆಲಸ. ಮೆಕ್ಕೆಜೋಳದ ಕಾಲದಲ್ಲಿ ನ್ಯಾಮತಿಯ ಕಣಗಳಿಂದ ಹೊರಡುವ ಲಾರಿಗಳ ಹಿಂಬಾಗಿಲನ್ನು ಗಮನಿಸಿ. ಮರದ ಹಲಗೆ ಸವೆಯುವ ರೀತಿ, ಕೊಂಡಿ ತೂಗಾಡಿ ಪೇಂಟಿನ ಮೇಲೆ ಕೊರೆದ ಅರ್ಧಚಂದ್ರ, ಎಲ್ಲವೂ ಅಲ್ಲಿದೆ.

ಇದು ಹೊರಗಿನಿಂದ ಬಂದ, ದುಡ್ಡಿದ್ದವರ ಹವ್ಯಾಸ ಎನ್ನುವವರಿದ್ದಾರೆ. ಕಿಟ್ಟು ದುಬಾರಿ ಎಂಬುದು ನಿಜ. ಆದರೆ ಮಾದರಿ ಕಟ್ಟುವ ಕೈ ನಮ್ಮಲ್ಲಿ ಹೊಸದಲ್ಲ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆ ಮಣ್ಣು ಕಲಸಿ ಎತ್ತು ಮಾಡುವ ಮಗು ಕೊಂಬಿನ ಬಾಗು, ಇಣಿಯ ಎತ್ತರ, ಗೋದಲಿಯ ಅಳತೆ ಎಲ್ಲವನ್ನೂ ತನ್ನ ಹಟ್ಟಿಯ ಎತ್ತನ್ನು ನೋಡಿಯೇ ಹಿಡಿಯುತ್ತದೆ. ಜೋಳದ ದಂಟಿನ ಬಂಡಿ ಕಟ್ಟಿದ ಹುಡುಗನಿಗೆ ಗಾಲಿ ಅಚ್ಚಿಗೆ ಹೇಗೆ ಕೂರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ರಟ್ಟು, ಬಾಲ್‌ಪೆನ್ನಿನ ಖಾಲಿ ರೀಫಿಲ್ಲು, ಹವಾಯಿ ಚಪ್ಪಲಿಯ ರಬ್ಬರು, ಎಂಸೀಲು ಇಷ್ಟರಿಂದಲೇ ಒಂದು ಸ್ಟುವರ್ಟ್ ಕಟ್ಟಬಹುದು. ಅದಕ್ಕೆ ಬಳಿಯುವ ಧೂಳು ಹೇಗೂ ಬಿಟ್ಟಿ.

ಸಿಗದಿರುವುದು ಒಂದೇ, ಮಾಹಿತಿ. ಜರ್ಮನಿಯ ಒಂದೊಂದು ಟ್ಯಾಂಕಿಗೂ ಪುಸ್ತಕಗಳಿವೆ. ನಮ್ಮ ಲಾರಿ, ಜೀಪು, ಟ್ಯಾಂಕುಗಳ ಅಂದಿನ ಬಣ್ಣದ ಪಟಗಳು ತೀರ ಕಡಿಮೆ. 1965ರಲ್ಲಿ, 1971ರಲ್ಲಿ ಸೇನೆಯ ಲಾರಿ ಓಡಿಸಿದವರು, ಸ್ಪ್ಯಾನರ್ ಹಿಡಿದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಆ ಹಸಿರು ಎಂಥ ಹಸಿರು, ನಂಬರನ್ನು ಯಾವ ಬಣ್ಣದಲ್ಲಿ ಎಲ್ಲಿ ಬರೆದಿತ್ತು, ಹಾಸಿಗೆ ಬಕೆಟ್ಟುಗಳನ್ನು ಗಾಡಿಯ ಯಾವ ಮೂಲೆಗೆ ಕಟ್ಟುತ್ತಿದ್ದರು, ಯಾವ ಊರಿನ ಕೆಸರು ತೊಳೆದರೂ ಹೋಗುತ್ತಿರಲಿಲ್ಲ ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥ ಹಿರಿಯರಿದ್ದರೆ ಈ ಪ್ರಶ್ನೆಗಳನ್ನು ಅವರ ಮುಂದಿಡಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಟ್ರಂಕಿನಲ್ಲಿ ಹಳೆಯ ಫೋಟೊ ಇದ್ದರೆ ಅದರ ಬೆನ್ನಿಗೆ ವರ್ಷ, ಊರು, ಗಾಡಿಯ ಹೆಸರನ್ನು ಪೆನ್ಸಿಲಿನಲ್ಲಿ ಇವತ್ತೇ ಬರೆದಿಡಿ.